ಸ್ಟಾರ್ಟಿಗೆ ಮುಂಚೆ ಒಂದು ಅಂಗಡಿ, ಫಿನಿಶ್ ಆದ ಮೇಲೆ ಇನ್ನೊಂದು

ಸೈಕಲ್ ಬಗ್ಗೆ ಈ ಅಂಕಣದಲ್ಲಿ ಯಾವಾಗ ಬರೆದರೂ ಮರುವಾರದ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: “ರೇಸುಗಳಲ್ಲಿ ಸೈಕಲ್ ಸಾಮಾನಿನ ಸ್ಟಾಲ್ ಹಾಕಬೇಕೆಂದಿದ್ದೇನೆ. ಎಷ್ಟು ಬಂಡವಾಳ ಬೇಕು, ಏನು ಇಟ್ಟರೆ ಹೋಗುತ್ತದೆ?” ನಾನೂ ನನ್ನ ತಮ್ಮನ ಮಗನೂ ಧಾರವಾಡದಲ್ಲಿ ಸಣ್ಣದೊಂದು ಸೈಕಲ್ ಸಾಮಾನಿನ ಅಂಗಡಿ ನಡೆಸುತ್ತೇವೆ, ಸೀಸನ್ ಬಂತೆಂದರೆ ವ್ಯಾನು ತುಂಬಿಕೊಂಡು ರೇಸುಗಳಿಗೆ ಹೋಗುತ್ತೇವೆ ಎಂಬುದು ಓದುಗರಿಗೆ ಗೊತ್ತು. ಬಂಡವಾಳದ ಮಾತು ಆಮೇಲೆ. ಮೊದಲು ತಿಳಿಯಬೇಕಾದದ್ದು ಹೊತ್ತಿನ ಲೆಕ್ಕ. ರೇಸಿನ ದಿನ ಒಂದೇ ತಾಡಪತ್ರಿಯ ಕೆಳಗೆ ಎರಡು ಅಂಗಡಿ ನಡೆಯುತ್ತವೆ. ಸ್ಟಾರ್ಟಿಗೆ ಮುಂಚೆ ಬರುವವರಿಗೆ ಬೇಕಾದದ್ದು ಇಷ್ಟೇ: ನಿನ್ನೆ ಸರಿಯಿದ್ದ ಸೈಕಲ್ಲು ಇವತ್ತೂ ಸರಿಯಿರಬೇಕು. ಫಿನಿಶ್ ಆದ ಮೇಲೆ ಅದೇ ಮಂದಿ ಬೇರೆಯೇ ಗಿರಾಕಿಗಳಾಗಿ ಬರುತ್ತಾರೆ, ಮುಂದಿನ ರೇಸಿಗೆ ಏನು ಬದಲಾಯಿಸಬೇಕು ಎಂದು ಯೋಚಿಸುತ್ತ. ಇವೆರಡನ್ನೂ ಒಂದೇ ಅಂದುಕೊಂಡು ಬೆಳಿಗ್ಗೆಯೇ ಜೆರ್ಸಿ, ಕನ್ನಡಕ ತೂಗುಹಾಕಿ ಕೂತವರು ಒಂದೇ ಸೀಸನ್ನಿಗೆ ಬೇಸತ್ತು ಬಿಟ್ಟದ್ದನ್ನು ನೋಡಿದ್ದೇನೆ.

ಯಾವ ರೇಸು ಎನ್ನುವುದೂ ಮುಖ್ಯ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳು ನಮ್ಮ ರಾಜ್ಯದ ಸೈಕ್ಲಿಂಗಿನ ತವರು. ಅಲ್ಲಿಯ ಕ್ರೀಡಾ ವಸತಿ ನಿಲಯಗಳಿಂದ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆಯಿಂದ ಬಂದ ರೈತರ ಮಕ್ಕಳು ರಾಷ್ಟ್ರೀಯ ಕೂಟಗಳಲ್ಲಿ ಪದಕ ತಂದಿದ್ದಾರೆ, ಕ್ರೀಡಾ ಕೋಟಾದಲ್ಲಿ ರೈಲ್ವೆಗೆ, ಸೇನೆಗೆ ಸೇರಿದ್ದಾರೆ. ಅಂಥ ಹುಡುಗ ಹುಡುಗಿಯರಿಗೆ ರೇಸು ಎಂದರೆ ಬದುಕಿನ ಪ್ರಶ್ನೆ, ಕೈಯಲ್ಲಿ ದುಡ್ಡು ಮಾತ್ರ ಕಡಿಮೆ. ಬೆಂಗಳೂರಿನ ಕಡೆ ಚಿತ್ರವೇ ಬೇರೆ. ನಂದಿ ಬೆಟ್ಟ ಏರುವ ಸ್ಪರ್ಧೆಗಳು, ಹವ್ಯಾಸಿಗಳೇ ಸೇರಿ ಕಟ್ಟಿಕೊಂಡ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನಂಥ ಸರಣಿಗಳು, ಅಲ್ಲಿ ಲಕ್ಷ ದಾಟಿದ ಸೈಕಲ್ಲುಗಳು ಸಾಮಾನ್ಯ. ಇನ್ನು ಬ್ರೆವೆ ಎಂಬ ದೂರದ ಸವಾರಿಗಳಿವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ. ಅಲ್ಲಿ ಮೊದಲ ಸ್ಥಾನ ಎನ್ನುವುದಿಲ್ಲ, ಗಡುವಿನೊಳಗೆ ಮುಟ್ಟಿದರೆ ಸಾಕು. ಜೂನ್ 3ರ ವಿಶ್ವ ಸೈಕಲ್ ದಿನವನ್ನು ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ಮೇಲೆ ಊರೂರಲ್ಲಿ ಜಾಥಾಗಳೂ ಶುರುವಾಗಿವೆ. ಜಾಥಾ ಬಲು ಒಳ್ಳೆಯ ಕೆಲಸ, ಹೋಗಿ ಭಾಗವಹಿಸಿ. ಸ್ಟಾಲ್ ಮಾತ್ರ ಬೇಡ. ಉಚಿತ ಟೀ ಶರ್ಟ್ ಹಾಕಿಕೊಂಡು ಐದು ಕಿಲೋಮೀಟರ್ ತುಳಿದವರಿಗೆ ಅಲ್ಲಿ ಬೇಕಾದದ್ದು ಉಪ್ಪಿಟ್ಟು, ಚಹಾ.

ಬೆಳಗಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲಬೇಕಾದದ್ದು ಹವಾ ಹೊಡೆಯುವ ಪಂಪು. ಅದು ಮಾರುವುದಕ್ಕಲ್ಲ. ಕಾಲಿಂದ ಒತ್ತಿ ಹಿಡಿದು ಎರಡು ಕೈಯಲ್ಲಿ ಹೊಡೆಯುವ, ಗೇಜ್ ಇರುವ ಒಳ್ಳೆಯ ಪಂಪು ಎರಡಿರಲಿ. ಆರೂವರೆಗೆ ಸ್ಟಾರ್ಟ್ ಎಂದರೆ ಐದಕ್ಕೇ ಜನ ಸಾಲು ಹಚ್ಚುತ್ತಾರೆ. ಹವಾಕ್ಕೆ ದುಡ್ಡು ತೆಗೆದುಕೊಳ್ಳಬೇಡಿ. ಪಂಪಿನ ಹತ್ತಿರ ಕೂತವನ ಕೈ ಕೆಳಗೆ ರೇಸಿನ ಮುಕ್ಕಾಲು ಪಾಲು ಗಾಲಿಗಳು ಹಾದುಹೋಗುತ್ತವೆ. ಯಾವ ಟಾಯರ್ ಸವೆದಿದೆ, ಯಾವ ಬ್ರೇಕ್ ಪ್ಯಾಡ್ ರಿಮ್ಮಿಗೆ ಸರಿಯಾಗಿ ಕೂತಿಲ್ಲ ಎಂಬುದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ನನ್ನ ಬೆಳಗಿನ ವ್ಯಾಪಾರದ ಬಹುಪಾಲು ಆ ಪಂಪಿನ ಸಾಲಿನಲ್ಲೇ ಹುಟ್ಟುತ್ತದೆ.

ಪಂಪನ್ನು ಅವರ ಕೈಗೆ ಕೊಟ್ಟು ಸುಮ್ಮನಾಗಬೇಡಿ, ನೀವೇ ಹೊಡೆಯಿರಿ. ರೇಸ್ ಸೈಕಲ್ಲಿನ ಪ್ರೆಸ್ಟಾ ವಾಲ್ ಬಹಳ ಸಪೂರ. ತುದಿಯ ಪುಟ್ಟ ತಿರುಪು ಸಡಿಲಿಸಿ, ಬೆರಳಿಂದ ಒಮ್ಮೆ ಒತ್ತಿ ಪುಸ್ ಎನ್ನಿಸಿ, ಆಮೇಲೆ ಪಂಪಿನ ಬಾಯಿ ಕೂರಿಸಬೇಕು. ತೆಗೆಯುವಾಗ ಗಾಲಿಯ ಮೇಲೆ ಹೆಬ್ಬೆರಳು ಊರಿ ನೇರ ಎಳೆಯಬೇಕು. ಗಡಿಬಿಡಿಯಲ್ಲಿ ಅಡ್ಡ ಎಳೆದರೆ ಒಳಗಿನ ಕಡ್ಡಿ ಬಾಗುತ್ತದೆ, ಸ್ಟಾರ್ಟಿಗೆ ಹತ್ತು ನಿಮಿಷ ಇರುವಾಗ ಹವಾ ಸೋರಲು ಶುರು. ಎಷ್ಟು ಹವಾ ಎನ್ನುವುದು ಇನ್ನೊಂದು ಮಾತು. ಟಾಯರಿನ ಮೇಲೆ ಬರೆದ ಗರಿಷ್ಠ ಒತ್ತಡವನ್ನೇ ತುಂಬಿಸಿಕೊಳ್ಳುವ ಅಭ್ಯಾಸ ಹುಡುಗರಲ್ಲಿದೆ, 120 ಪಿಎಸ್‌ಐ ಹೊಡೀರಿ ಎನ್ನುತ್ತಾರೆ. ಕಡಿ ಮೇಲೆದ್ದ ನಮ್ಮ ರಸ್ತೆಗಳಲ್ಲಿ ಅಷ್ಟು ಗಟ್ಟಿಯಾದ ಗಾಲಿ ಪುಟಿಯುತ್ತದೆ, ಪ್ರತಿ ಪುಟಿತಕ್ಕೂ ತುಳಿದ ಬಲ ಸೋರಿಹೋಗುತ್ತದೆ. ಅರವತ್ತು ಅರವತ್ತೈದು ಕಿಲೋ ತೂಕದ ಸವಾರನಿಗೆ 25 ಮಿ.ಮೀ. ಟಾಯರಿನಲ್ಲಿ 85ರ ಆಸುಪಾಸು ಸಾಕು. ಬಿಡಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರಿಗೆ ಅವರು ಕೇಳಿದಷ್ಟೇ ಹೊಡೆದು ಕಳಿಸುತ್ತೇನೆ.

ಟ್ಯೂಬಿನ ಮಾತುಕತೆ ಹೆಚ್ಚಾಗಿ ಹೀಗಿರುತ್ತದೆ.

“ಕಾಕಾ, ಟ್ಯೂಬ್ ಐತೇನ್ರಿ?”

“ಯಾವ ಅಳತೀದು ಬೇಕಪ್ಪಾ?”

“ರೇಸ್ ಸೈಕಲ್ಲಿಂದ್ರಿ.”

ಅಷ್ಟು ಸಾಲದು. ಸೈಕಲ್ಲನ್ನೇ ತರಿಸಿ ಟಾಯರಿನ ಬದಿ ಓದಿ. 700 ಎನ್ನುವುದು ಗಾಲಿಯ ಅಳತೆ, ಅದರ ಮುಂದಿನ 23, 25, 28 ಅಗಲ. ಆಮೇಲೆ ವಾಲ್ ನೋಡಿ. ಗುಡ್ಡಗಾಡಿನ ಸೈಕಲ್ಲುಗಳಲ್ಲಿ ಮೋಟರ್ ಸೈಕಲ್ಲಿನಂಥದೇ ದಪ್ಪ ಶ್ರಾಡರ್ ವಾಲ್ ಇರುತ್ತದೆ, ಅದಕ್ಕೆ ರಿಮ್ಮಿನಲ್ಲಿ 8 ಮಿ.ಮೀ. ತೂತು ಬೇಕು. ಪ್ರೆಸ್ಟಾಕ್ಕೆ 6 ಸಾಕು. ಸಣ್ಣ ತೂತಿನ ರಿಮ್ಮಿಗೆ ದಪ್ಪ ವಾಲ್ ತೂರುವುದೇ ಇಲ್ಲ. ಕೊನೆಯದಾಗಿ ವಾಲಿನ ಉದ್ದ. ಈಗ ವಸತಿ ನಿಲಯದ ಮಕ್ಕಳ ಹತ್ತಿರವೂ ಐವತ್ತು ಮಿ.ಮೀ. ಆಳದ ರಿಮ್ಮುಗಳು ಬಂದಿವೆ, ಯಾರೋ ಹಿರಿಯ ಸವಾರ ಬಳಸಿ ಕೊಟ್ಟವು. ಅದಕ್ಕೆ 48 ಮಿ.ಮೀ. ವಾಲಿನ ಟ್ಯೂಬ್ ಹಾಕಿದರೆ ವಾಲ್ ಹೊರಗೇ ಬರುವುದಿಲ್ಲ, ಎಂಬತ್ತರದು ಬೇಕು. ನಮ್ಮ ಅಪ್ಪಂದಿರ ಅಟ್ಲಾಸ್, ಹೀರೊ ಸೈಕಲ್ಲುಗಳಿಗೆ ಒಂದು ತುಂಡು ವಾಲ್ ಟ್ಯೂಬ್ ಇದ್ದರೆ ಯಾವ ಊರಿನ ಪಂಚರ್ ಅಂಗಡಿಯಲ್ಲಾದರೂ ಕೆಲಸ ಆಗುತ್ತಿತ್ತು. ಇಂಥ ಟ್ಯೂಬುಗಳು ಬಾಗಲಕೋಟೆಯ ಹೆದ್ದಾರಿ ಬದಿಯಲ್ಲಿ ಭಾನುವಾರ ಬೆಳಿಗ್ಗೆ ಐದೂವರೆಗೆ ಸಿಗುವ ಜಾಗ ಒಂದೇ, ನಿಮ್ಮ ತಾಡಪತ್ರಿ. ಹಾಗೆಂದು ಬೆಲೆ ಏರಿಸಬೇಡಿ. ಅಂಗಡಿಯಲ್ಲಿ ಎಷ್ಟೋ ಇಲ್ಲಿಯೂ ಅಷ್ಟೇ ಎಂದು ಬೋರ್ಡು ಬರೆದು ಹಾಕಿ.

ಟ್ಯೂಬಿನ ಜೊತೆಗೆ ಇರಬೇಕಾದದ್ದು ಬ್ರೇಕ್ ಕೇಬಲ್, ಗೇರ್ ಕೇಬಲ್, ಬ್ರೇಕ್ ಪ್ಯಾಡು, ಚೈನ್ ಕೂಡಿಸುವ ಕ್ವಿಕ್ ಲಿಂಕು. ಕ್ವಿಕ್ ಲಿಂಕಿಗೆ ಹಿಂಬದಿಯಲ್ಲಿ ಎಷ್ಟು ಗೇರು ಎಂಬ ಲೆಕ್ಕವಿದೆ, ಹತ್ತರದು ಹನ್ನೊಂದಕ್ಕೆ ಕೂರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ದುಃಖ ಕೊಡುವ ಬಿಡಿಭಾಗ ಹ್ಯಾಂಗರ್. ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಅಲ್ಯುಮಿನಿಯಂ ತುಂಡು ಅದು. ಬಿದ್ದಾಗ ಫ್ರೇಮು ಉಳಿದು ತಾನು ಮುರಿಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಆದರೆ ಕಂಪನಿಗೊಂದು, ಮಾದರಿಗೊಂದು ಆಕಾರ. ಎಲ್ಲವನ್ನೂ ಇಡುತ್ತೇನೆಂದು ಹೊರಟರೆ ವ್ಯಾನು ಸಾಲದು. ಹೀಗಾಗಿ ನಾನು ಹ್ಯಾಂಗರ್ ಮಾರುವುದಕ್ಕಿಂತ ನೇರ ಮಾಡುವ ಗೇಜನ್ನು ಒಯ್ಯುತ್ತೇನೆ. ಟೆಂಪೊದಲ್ಲಿ ಒಂದರ ಮೇಲೊಂದು ಪೇರಿಸಿ ತಂದ ಸೈಕಲ್ಲುಗಳಲ್ಲಿ ಬಾಗಿದ ಹ್ಯಾಂಗರ್ ಇದ್ದೇ ಇರುತ್ತದೆ. ಬಾಗಿದ್ದು ಗೊತ್ತಾಗದೆ ಏರಿನಲ್ಲಿ ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿದರೆ ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿಕೊಂಡು ಗಾಲಿಯೂ ಹೋಗುತ್ತದೆ, ರೇಸೂ ಹೋಗುತ್ತದೆ. ಐದು ನಿಮಿಷದ ಆ ಕೆಲಸಕ್ಕೆ ಕೂಲಿ ಪಡೆಯಲು ಸಂಕೋಚ ಬೇಡ. ಸಾಮಾನು ಮಾರಿದ್ದಕ್ಕಿಂತ ಹೀಗೆ ಕೈ ಕೆಲಸಕ್ಕೆ ಬಂದ ದುಡ್ಡು ನನಗೆ ಹೆಚ್ಚು ಸಮಾಧಾನ ಕೊಟ್ಟಿದೆ.

ಇನ್ನು ಬೆಳಿಗ್ಗೆ ಮಾರಬಾರದವು. ಶೂ, ಕ್ಲೀಟು, ಸೀಟು, ಪ್ಯಾಡ್ ಇರುವ ಚಡ್ಡಿ, ಹಿಂದೆಂದೂ ತಿಂದಿರದ ಎನರ್ಜಿ ಜೆಲ್ಲು. ಈ ವಿಷಯದಲ್ಲಿ ನನ್ನದು ಹಟವೇ ಸರಿ. ಕ್ಲೀಟನ್ನೇ ನೋಡಿ. ಶೂ ಅಡಿಗೆ ತಿರುಪು ಹಾಕಿ ಕೂರಿಸಿ ಪೆಡಲಿಗೆ ಸಿಕ್ಕಿಸುವ ತುಂಡು ಅದು. ಶಿಮಾನೊದ ರಸ್ತೆ ಕ್ಲೀಟುಗಳಲ್ಲಿ ಹಳದಿಯದು ಪಾದ ಆರು ಡಿಗ್ರಿ ಅತ್ತಿತ್ತ ಆಡಲು ಬಿಡುತ್ತದೆ, ನೀಲಿ ಎರಡು, ಕೆಂಪು ಆಡಲು ಬಿಡುವುದೇ ಇಲ್ಲ. ಹಳದಿಗೆ ಒಗ್ಗಿದ ಮೊಣಕಾಲು ಒಂದೇ ಬೆಳಿಗ್ಗೆ ಕೆಂಪಿಗೆ ಒಗ್ಗುವುದಿಲ್ಲ, ನಲವತ್ತು ಕಿಲೋಮೀಟರಿನ ಹೊತ್ತಿಗೆ ನೋಯಲು ಹತ್ತುತ್ತದೆ. ಗದಗಿನಲ್ಲಿ ಒಬ್ಬ ಹುಡುಗ ಸ್ಟಾರ್ಟಿಗೆ ಅರ್ಧ ಗಂಟೆ ಇರುವಾಗ ಕೈಯಲ್ಲಿ ನೋಟು ಹಿಡಿದುಕೊಂಡೇ ಬಂದ. ಹೊಸ ಶೂ ಬೇಕು, ಇವತ್ತೇ ಹಾಕಿಕೊಳ್ಳಬೇಕು ಎಂದ. “ರೇಸ್ ಮುಗಿಸ್ಕೊಂಡ್ ಬಾರಪ್ಪಾ, ಇಲ್ಲೇ ಇರ್ತೀನಿ” ಎಂದು ಅವನ ಅಳತೆಯ ಜೋಡನ್ನು ಅವನೆದುರೇ ತೆಗೆದು ಬದಿಗಿಟ್ಟೆ. ಮುಖ ಚಿಕ್ಕದು ಮಾಡಿಕೊಂಡು ಹೋದ. ಹನ್ನೊಂದು ಗಂಟೆಗೆ ಕೋಚನ್ನೂ ಕರೆದುಕೊಂಡು ಬಂದ. ಮೂವರೂ ಕೂತು ಹಳೆಯ ಶೂ ಅಡಿಯ ಗುರುತು ನೋಡಿ ಅದೇ ಜಾಗಕ್ಕೆ ಹೊಸ ಕ್ಲೀಟು ಬಿಗಿದೆವು. ಆ ಕೋಚು ಈಗ ತಮ್ಮ ಹುಡುಗರಿಗೆ ಏನು ಬೇಕಾದರೂ ಮೊದಲು ನನಗೆ ಫೋನು ಮಾಡುತ್ತಾರೆ.

ಬೆಳಿಗ್ಗೆ ಹೊಸದನ್ನೇ ಮಾರಬಹುದಾದದ್ದು ಒಂದಿದೆ, ಹೆಲ್ಮೆಟ್. ಹೆಲ್ಮೆಟ್ ಇಲ್ಲದವರನ್ನು ಸ್ಟಾರ್ಟಿಗೆ ಬಿಡುವುದಿಲ್ಲ. ಹಳ್ಳಿಯಿಂದ ಬಂದ ಮಕ್ಕಳಲ್ಲಿ ಅದಿಲ್ಲದವರು ಪ್ರತಿ ಸಲವೂ ಇರುತ್ತಾರೆ. ಬಾಡಿಗೆಗೆ ಕೊಡಿ ಎಂದು ಸಂಘಟಕರೂ ಕೇಳುತ್ತಾರೆ. ನಾನು ಕೊಡುವುದಿಲ್ಲ. ಒಳಗಿನ ಥರ್ಮೊಕೋಲಿನಂಥ ಪದರು ಪೆಟ್ಟು ಬಿದ್ದಾಗ ತಾನು ನುಚ್ಚಾಗಿ ತಲೆಯನ್ನು ಉಳಿಸುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಬಾಡಿಗೆಯಿಂದ ಮರಳಿ ಬಂದ ಹೆಲ್ಮೆಟ್ ಎಲ್ಲಿ ಬಿದ್ದಿತ್ತೋ ಹೊರಗಿನಿಂದ ನೋಡಿ ಹೇಳಲಾಗದು. ಅದನ್ನು ಮುಂದಿನ ವಾರ ಇನ್ನೊಂದು ಮಗುವಿನ ತಲೆಗೆ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಸಾದಾ ಹೆಲ್ಮೆಟ್ಟುಗಳನ್ನು ಖರೀದಿ ಬೆಲೆಗೇ ಇಟ್ಟಿರುತ್ತೇನೆ. ಎಲ್ಲದರಲ್ಲಿಯೂ ಲಾಭ ಹುಡುಕಬೇಕಾಗಿಲ್ಲ.

ಸ್ಟಾರ್ಟ್ ಆದ ಮೇಲೆ ಅಂಗಡಿ ಖಾಲಿ. ಆ ಹೊತ್ತನ್ನು ಸಂಘಟಕರಿಗೆ ಕೊಡುವುದು ನಾನು ಕಂಡುಕೊಂಡ ದಾರಿ. ಟೂರ್ ದ ಫ್ರಾನ್ಸ್‌ನಲ್ಲಿ 2021ರಿಂದ ಶಿಮಾನೊದ ನೀಲಿ ಕಾರುಗಳು, ಅದಕ್ಕೂ ಮುಂಚೆ ದಶಕಗಳ ಕಾಲ ಮಾವಿಕ್‌ನ ಹಳದಿ ಕಾರುಗಳು ಯಾವ ತಂಡದವರು ಎಂದು ನೋಡದೆ ಕೆಟ್ಟ ಸೈಕಲ್ಲಿಗೆ ಗಾಲಿ ಕೊಡುತ್ತ ಬಂದಿವೆ. ನಮ್ಮ ಜಿಲ್ಲಾ ಮಟ್ಟದ ರೇಸಿಗೂ ಅಂಥ ನೆರವು ಬೇಕು. ತಮ್ಮನ ಮಗ ಬೈಕಿನ ಹಿಂದೆ ಎರಡು ಗಾಲಿ ಹಿಡಿದು ಗುಂಪಿನ ಬೆನ್ನು ಹತ್ತುತ್ತಾನೆ, ನಾನು ಫಿನಿಶ್ ಹತ್ತಿರ ಪಾನಾ, ಎಲ್ ಕೀ ಹಿಡಿದು ಕೂರುತ್ತೇನೆ. ಅದಕ್ಕೆ ಪ್ರತಿಯಾಗಿ ಸ್ಟಾಲಿನ ಬಾಡಿಗೆ ಇಲ್ಲ, ಮೈಕಿನಲ್ಲಿ ಎರಡು ಸಲ ಹೆಸರು. ಈ ಒಪ್ಪಂದವನ್ನು ಬಾಯಿಮಾತಿಗೆ ಬಿಡಬೇಡಿ, ಸ್ಟಾಲ್ ಎಲ್ಲಿ ಎನ್ನುವುದನ್ನೂ ಸೇರಿಸಿ ಒಂದು ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ಸ್ಟಾರ್ಟ್ ಒಂದು ಕಡೆ, ಫಿನಿಶ್ ಇನ್ನೊಂದು ಕಡೆ ಇರುವ ರೇಸಿನಲ್ಲಿ ಫಿನಿಶ್ ಹತ್ತಿರವೇ ಜಾಗ ಕೇಳಿ, ಸ್ಟಾರ್ಟಿಗೆ ಪಂಪು ಮತ್ತು ಟ್ಯೂಬಿನ ಪೆಟ್ಟಿಗೆ ಹಿಡಿದು ಒಬ್ಬರು ಹೋದರೆ ಸಾಕು.

ಫಿನಿಶ್ ಆದ ಮೇಲಿನ ಅಂಗಡಿಗೆ ಅವಸರ ಇಲ್ಲ. ಬಹುಮಾನ ವಿತರಣೆಗೆ ಅತಿಥಿಗಳು ಬರುವವರೆಗೆ ಎಲ್ಲರೂ ಕಾಯುತ್ತಿರುತ್ತಾರೆ, ಅಪ್ಪ ಅಮ್ಮಂದಿರೂ ಅಲ್ಲೇ. ಈಗ ಜೆರ್ಸಿ ತೂಗುಹಾಕಿ. ಆದರೆ ಜೆರ್ಸಿಯ ರಾಶಿ ಒಯ್ಯುವುದು ದುಡ್ಡನ್ನು ಮಲಗಿಸುವ ದಾರಿ. ಮಧ್ಯದ ಅಳತೆಗಳು ಹೋಗಿ ಎರಡು ತುದಿಯವು ಉಳಿಯುತ್ತವೆ, ಅದೇ ಬಣ್ಣ ಮುಂದಿನ ವರ್ಷ ಯಾರಿಗೂ ಬೇಡ. ನಾವು ಪ್ರತಿ ಅಳತೆಗೆ ಒಂದೊಂದರಂತೆ ಒಂದು ಸೆಟ್ ಮಾತ್ರ ಇಡುತ್ತೇವೆ. ಹಾಕಿ ನೋಡಿ, ಅಳತೆ ಬರೆಸಿ, ಮುಂಗಡ ಕೊಟ್ಟು ಹೋಗುತ್ತಾರೆ. ತಿರುಪ್ಪೂರಿನಲ್ಲಿ ಹೊಲಿಸಿ ತರಿಸಿ ಕೊಡುತ್ತೇವೆ. ರೇಸಿನ ಜೆರ್ಸಿ ಮೈಗೆ ಅಂಟಿದಂತಿರಬೇಕಾದ್ದರಿಂದ ದಿನನಿತ್ಯದ ಅಂಗಿಯ ಅಳತೆ ಹೇಳಿದರೆ ಒಂದು ಅಳತೆ ಚಿಕ್ಕದೇ ಬಂದುಬಿಡುತ್ತದೆ. ಹಾಕಿ ನೋಡದೆ ಆರ್ಡರ್ ಬರೆದುಕೊಳ್ಳುವುದಿಲ್ಲ ಎನ್ನುವ ನಿಯಮವನ್ನು ಸಡಿಲಿಸಬೇಡಿ. ಬ್ರೆವೆಗಳಲ್ಲಿ ಇದೇ ಜಾಗವನ್ನು ಲೈಟು ಮತ್ತು ಹೊಳೆಯುವ ಪಟ್ಟಿಯ ಜಾಕೆಟ್ ತೆಗೆದುಕೊಳ್ಳುತ್ತವೆ. ರಾತ್ರಿ ಸವಾರಿಗೆ ಅವೆರಡೂ ಅಲ್ಲಿ ಕಡ್ಡಾಯ, ಮರೆತು ಬಂದವರಿಗೆ ನೀವೇ ಗತಿ.

ಮೊಬೈಲಿನಲ್ಲಿ ಬೆಲೆ ತೋರಿಸಿ “ಆನ್‌ಲೈನಲ್ಲಿ ಕಡಿಮೆ ಐತ್ರಿ” ಎನ್ನುವವರು ಇದ್ದೇ ಇರುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಕಾಗಿಲ್ಲ. ಕೂರಿಸಿ ಕೊಡುವ, ಸರಿಬರದಿದ್ದರೆ ಬದಲಿಸುವ ಕೆಲಸ ನಮ್ಮದು, ಅದರ ಬೆಲೆ ಸೇರಿದೆ ಎಂದು ನೇರ ಹೇಳುತ್ತೇನೆ. ದುಡ್ಡಿನ ಲೆಕ್ಕಕ್ಕೆ ನನ್ನದು ಒಂದೇ ಅಳತೆಗೋಲು. ಬೆಳಗಿನ ಚಿಲ್ಲರೆ ಸಾಮಾನಿನ ಲಾಭದಲ್ಲಿ ಡೀಸೆಲ್ಲು, ಇಬ್ಬರ ಊಟ, ಬಾಡಿಗೆ ಇದ್ದರೆ ಬಾಡಿಗೆ ಹೊರಡಬೇಕು. ಹೊರಡದ ರೇಸಿಗೆ ಮರುವರ್ಷ ಹೋಗುವುದಿಲ್ಲ, ಜನ ಎಷ್ಟೇ ಸೇರಲಿ. ಊರಾಚೆಯ ರಸ್ತೆಯಲ್ಲಿ ನೆಟ್‌ವರ್ಕ್ ಸಿಗದೆ ಯುಪಿಐ ನಿಂತುಹೋಗುವುದು ಮಾಮೂಲು, ಚಿಲ್ಲರೆ ನೋಟಿನ ಡಬ್ಬಿ ಇರಲಿ.

ತೆರಿಗೆಯ ಬಗ್ಗೆ ಕೇಳುವವರು ಕಡಿಮೆ, ಆದರೆ ಕೇಳಲೇಬೇಕಾದ ವಿಷಯ. ಬರೀ ಸಾಮಾನು ಮಾರುವವರಿಗೆ ನಮ್ಮ ರಾಜ್ಯದೊಳಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಗಡಿ ದಾಟಿದರೆ ಮಾತು ಬೇರೆ. ಕೊಲ್ಹಾಪುರ, ಸಾಂಗಲಿ ನಮಗೆ ಬೆಂಗಳೂರಿಗಿಂತ ಹತ್ತಿರ, ಅಲ್ಲಿಯೂ ಹುರುಪಿನ ಸವಾರರಿದ್ದಾರೆ. ಆದರೆ ಅಲ್ಲಿ ಕಾಯಂ ಅಂಗಡಿ ಇಲ್ಲದೆ ಹೋಗಿ ಮಾರುವವರು ಕ್ಯಾಶುವಲ್ ಟ್ಯಾಕ್ಸಬಲ್ ಪರ್ಸನ್ ಎಂದು ಕನಿಷ್ಠ ಐದು ದಿನ ಮೊದಲೇ ಅರ್ಜಿ ಹಾಕಿ, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. 40 ಲಕ್ಷದ ವಿನಾಯಿತಿ ಅಲ್ಲಿ ನಡೆಯುವುದಿಲ್ಲ. ಒಂದು ಭಾನುವಾರದ ವ್ಯಾಪಾರಕ್ಕೆ ಇಷ್ಟು ಓಡಾಟ ಗಿಟ್ಟುವುದಿಲ್ಲವಾದ್ದರಿಂದ ನಾವು ಗಡಿಯ ಈಚೆಗೇ ಇದ್ದೇವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳಿದದ್ದು ನಮ್ಮಂಥ ಸಣ್ಣವರಿಗೆ ನಿಜವಾದ ಅನುಕೂಲ. ಇಳಿದ ದರವನ್ನು ಗಿರಾಕಿಗೂ ಇಳಿಸಿ ಕೊಡಬೇಕು.

ಬಂಡವಾಳ ಎಷ್ಟು ಎನ್ನುವವರಿಗೆ ನನ್ನ ಉತ್ತರ: ಮೊದಲ ಸೀಸನ್ನಿಗೆ ಬೆಳಗಿನ ಅಂಗಡಿಯನ್ನಷ್ಟೇ ಹಾಕಿ. ಎರಡು ಪಂಪು, ಟ್ಯೂಬು, ಕೇಬಲ್ಲು, ಪ್ಯಾಡು, ಕ್ವಿಕ್ ಲಿಂಕು, ಒಳ್ಳೆಯ ಪಾನಾಗಳು, ಒಂದು ಸ್ಟ್ಯಾಂಡು. ಎಲ್ಲವೂ ಬೈಕಿಗೆ ಕಟ್ಟಿದ ಎರಡು ಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ಉಳಿದರೂ ಕೆಡುವ ಸಾಮಾನಲ್ಲ, ಟ್ಯೂಬುಗಳನ್ನು ಬಿಸಿಲಿಗೆ ಇಡದಿದ್ದರೆ ಸಾಕು.

ಇದರ ಜೊತೆ ಒಂದು ಹನ್ನೆರಡಿಂಚಿನ ಸ್ಟೀಲ್ ಸ್ಕೇಲೂ ಇರಲಿ. ಚೈನಿನ ಒಂದು ಪಿನ್ನಿಗೆ ಸ್ಕೇಲಿನ ಸೊನ್ನೆ ಹಿಡಿದರೆ ಇಪ್ಪತ್ತನಾಲ್ಕನೆಯ ಪಿನ್ನು ಸರಿಯಾಗಿ ಹನ್ನೆರಡು ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ದಾಟಿ ನಿಂತರೆ ಚೈನು ಬದಲಿಸುವ ಕಾಲ, ಎಂಟನೇ ಒಂದು ಭಾಗ ದಾಟಿದರೆ ಹಿಂದಿನ ಹಲ್ಲುಚಕ್ರಗಳನ್ನೂ ಅದು ತಿಂದಿರುತ್ತದೆ. ವಸತಿ ನಿಲಯದ ಸೈಕಲ್ಲುಗಳಲ್ಲಿ ಎರಡನೆಯ ತರಹದವೇ ಹೆಚ್ಚು. ದಿನಕ್ಕೆ ನೂರು ಕಿಲೋಮೀಟರ್ ತುಳಿಯುವ ಮಕ್ಕಳವು ಅವು. ದೊಡ್ಡ ಅನುದಾನ ಬಂದಾಗ ಹೊಸ ಸೈಕಲ್ಲು ಬರುತ್ತದೆ, ನಡುವೆ ಒಂದು ಚೈನಿಗೆ ದುಡ್ಡು ಹೊರಡುವುದಿಲ್ಲ. ಕ್ರೀಡಾ ಇಲಾಖೆ ಮತ್ತು ದಾನಿಗಳು ಹೊಸ ಸೈಕಲ್ಲಿನ ಫೋಟೋಕ್ಕೆ ಕೊಡುವಷ್ಟೇ ಗಮನವನ್ನು ಚೈನು, ಟಾಯರು, ಟ್ಯೂಬಿನ ವಾರ್ಷಿಕ ಖರ್ಚಿಗೂ ಕೊಡಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ಉದ್ರಿ ಕೊಡಬೇಕೇ ಎಂದು ನೀವು ಕೇಳಬಹುದು. ಸಂಸ್ಥೆಯ ಹೆಸರಿಗೆ ಬರೆದ ಉದ್ರಿ ಅನುದಾನಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತದೆ, ಸಣ್ಣ ಅಂಗಡಿ ಅದನ್ನು ತಾಳಿಕೊಳ್ಳದು. ನಾವು ಈಗ ಕೋಚುಗಳ ಜೊತೆ ಸೀಸನ್ನಿನ ಆರಂಭದಲ್ಲೇ ಕೂತು ಎಷ್ಟು ಚೈನು, ಎಷ್ಟು ಟ್ಯೂಬು ಬೇಕು ಎಂದು ಪಟ್ಟಿ ಮಾಡುತ್ತೇವೆ. ಒಟ್ಟಿಗೆ ತರಿಸಿದರೆ ನಮಗೆ ಸಿಗುವ ರಿಯಾಯಿತಿಯನ್ನು ಅವರಿಗೇ ಬಿಡುತ್ತೇವೆ, ಅರ್ಧ ದುಡ್ಡು ಮೊದಲು, ಉಳಿದರ್ಧ ಸಾಮಾನು ಕೈಸೇರಿದಾಗ. ಆ ಅರ್ಧ ದುಡ್ಡನ್ನು ಊರಿನ ಹಳೆಯ ಸವಾರರು, ಈಗ ನೌಕರಿಯಲ್ಲಿರುವವರು, ತಮ್ಮತಮ್ಮಲ್ಲೇ ಕೂಡಿಸಿ ಕಳಿಸುವ ಊರುಗಳೂ ಇವೆ.